ಪ್ಲೇಗಿನ ಬೆಂಗಳೂರು ಮತ್ತು ಸಭೆಯ ಸಮಾಧಿ ರಿಜಿಸ್ಟರು

ಬೆಂಗಳೂರಿನ ವೈದ್ಯಕೀಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಟ್ಟಡಗಳಿಂದ ಆರಂಭಿಸುತ್ತಾರೆ. 1886ರಲ್ಲಿ ಗುಡ್ ಶೆಫರ್ಡ್ ಕನ್ಯಾಸ್ತ್ರೀಯರು ಸ್ಥಾಪಿಸಿದ ಸೇಂಟ್ ಮಾರ್ಥಾ ಆಸ್ಪತ್ರೆ, 1900ರಲ್ಲಿ ಲಾರ್ಡ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆ, 1913ರಲ್ಲಿ ಚಾಮರಾಜಪೇಟೆಯ ಈಗಿನ ಕಟ್ಟಡಕ್ಕೆ ಬಂದ ಮಿಂಟೋ ಕಣ್ಣಾಸ್ಪತ್ರೆ. ಇವುಗಳ ಸ್ಥಾಪಕರೂ ದಾನಿಗಳೂ ನಮಗೆ ಸುಲಭವಾಗಿ ದೊರೆಯುತ್ತಾರೆ. ಅಲ್ಲಿ ಮಲಗಿದ್ದ ರೋಗಿಯು ದೊರೆಯುವುದಿಲ್ಲ. ಮಿಷನ್ ವರದಿಗಳೂ ಇದಕ್ಕೆ ಹೊರತಲ್ಲ. ಚಂದಾ ಕೊಡುವವರಿಗಾಗಿ ಬರೆದ ವರದಿಯಲ್ಲಿ ರೋಗಿಯು ಬಹುಮಟ್ಟಿಗೆ ಕೃತಜ್ಞನಾಗಿಯೇ ಕಾಣಿಸಿಕೊಳ್ಳುತ್ತಾನೆ.

1898ರ ಆಗಸ್ಟಿನಲ್ಲಿ ಪ್ಲೇಗು ರೈಲುಮಾರ್ಗವಾಗಿ ಬೆಂಗಳೂರಿಗೆ ಬಂದಿತು. ಪೇಟೆಯ ಇಕ್ಕಟ್ಟಿನ ಬೀದಿಗಳಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡವು. ಇಂದು ಸಂಗೀತಕ್ಕೂ ತಿಂಡಿಗೂ ಹೆಸರಾದ ಈ ಬಡಾವಣೆಗಳ ಅಗಲವಾದ ರಸ್ತೆಗಳು ಮೊದಲು ಗಾಳಿಬೆಳಕಿನ ಚಿಕಿತ್ಸೆಯಾಗಿದ್ದವು. ರೋಗಾಣುವನ್ನು ಯೆರ್ಸಿನ್ 1894ರಲ್ಲೇ ಗುರುತಿಸಿದ್ದನು. ಹಾಫ್‌ಕಿನ್‌ನ ಲಸಿಕೆ 1897ರಲ್ಲಿ ಮುಂಬಯಿಯಲ್ಲಿ ಸಿದ್ಧವಾಗಿತ್ತು. ಇಲಿಯ ಚಿಗಟವೇ ರೋಗವಾಹಕವೆಂದು ಸಿಮೊಂಡ್ 1898ರಲ್ಲಿ ತೋರಿಸಿದರೂ ಅದನ್ನು ವಿದ್ವಾಂಸರು ಒಪ್ಪಲು ವರ್ಷಗಳು ಹಿಡಿದವು. ನಮ್ಮ ಹಳ್ಳಿಗರಾದರೋ ಇಲಿ ಸತ್ತು ಬಿದ್ದೊಡನೆ ಊರು ಬಿಟ್ಟು ಹೊಲದ ಗುಡಿಸಲು ಸೇರುತ್ತಿದ್ದರು. ಫಿಲಿಷ್ಟಿಯರು ಬಾವುಗಳೊಡನೆ ಚಿನ್ನದ ಇಲಿಗಳನ್ನೂ ಮಾಡಿ ಕಳುಹಿಸಿದ ಸಂಗತಿ 1 ಸಮುವೇಲ 6ರಲ್ಲಿದೆ; ಅವರ ಅನುಮಾನವನ್ನು ಮೂಢನಂಬಿಕೆಯೆಂದು ತಳ್ಳಿಹಾಕುವ ವ್ಯಾಖ್ಯಾನಕಾರರು ಇದನ್ನು ಗಮನಿಸಬೇಕು.

ಪ್ಲೇಗು ಕ್ಯಾಂಪಿನ ಭಯದಿಂದ ಜನರು ರೋಗಿಗಳನ್ನು ಬಚ್ಚಿಡುತ್ತಿದ್ದರು, ಸಾವನ್ನೂ ಮರೆಮಾಡುತ್ತಿದ್ದರು. ಆದ್ದರಿಂದ ಸರ್ಕಾರದ ಅಂಕಿಗಳನ್ನು ನಾವು ಕನಿಷ್ಠ ಸಂಖ್ಯೆಯೆಂದೇ ಎಣಿಸತಕ್ಕದ್ದು. ಇಲ್ಲಿಯೇ ಸಭೆಯ ಸಮಾಧಿ ರಿಜಿಸ್ಟರಿನ ಮಹತ್ವವಿದೆ. ಹೆಸರು, ವಯಸ್ಸು, ಉದ್ಯೋಗ, ಸತ್ತ ದಿನ, ಹೂಳಿದ ದಿನ, ಅನೇಕ ಕಡೆ ಮರಣಕಾರಣ: ಆಸ್ಪತ್ರೆಯ ಬಾಗಿಲನ್ನೇ ಕಾಣದ ಅಡಿಗೆಯವನೂ ಆಯಾಳೂ ಇದರಲ್ಲಿ ಹೆಸರುಳ್ಳವರಾಗಿ ಉಳಿದಿದ್ದಾರೆ. ಇಂಥ ಪುಸ್ತಕಗಳು ವೆಸ್ಟ್ರಿಯ ಬೀರುವಿನಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವಾಗ ನಾವು ಶತಮಾನೋತ್ಸವದ ಸಂಚಿಕೆಗಳನ್ನು ಹೊಳೆಯುವ ಕಾಗದದಲ್ಲಿ ಅಚ್ಚುಹಾಕಿಸುತ್ತಿದ್ದೇವೆ.

ಹಳೆಯ ಸಭೆಗಳಿಗೆ ನೇಮಕವಾಗುವ ನಮ್ಮ ವಿದ್ಯಾರ್ಥಿಗಳು ಈ ರಿಜಿಸ್ಟರನ್ನು ಓದುವ ಕ್ರಮವನ್ನು ಅರಿತಿರಬೇಕು. ಕಾರಣದ ಅಂಕಣದಲ್ಲಿ 'ಜ್ವರ' ಎಂದಿದ್ದರೆ ಅದನ್ನೇ ನಂಬಬಾರದು. ಅದು ಮನೆಯವರು ಹೇಳಿದ ಮಾತಾಗಿರಬಹುದು. 1898ರ ಹಿಂದಿನ ಐದು ವರ್ಷಗಳ ಸಮಾಧಿಗಳನ್ನು ತಿಂಗಳುವಾರು ಎಣಿಸಿ, ಆ ವರ್ಷದ ಆಗಸ್ಟಿನಿಂದಾಚೆಯ ತಿಂಗಳುಗಳೊಡನೆ ಹೋಲಿಸಬೇಕು. ಒಂದೇ ಮನೆಯಿಂದ ಒಂದೇ ವಾರದಲ್ಲಿ ಎರಡು ಮೂರು ಹೆಸರುಗಳು ಬಂದಿವೆಯೇ ನೋಡಬೇಕು. ಸತ್ತ ದಿನವೇ ಹೂಳಿದ್ದು ಹೆಚ್ಚೇನನ್ನೂ ಹೇಳದು, ನಮ್ಮ ದೇಶದಲ್ಲಿ ಅದು ವಾಡಿಕೆ. ಸಂಸ್ಕಾರ ನಡೆಸಿದವರ ರುಜುವನ್ನು ಮಾತ್ರ ಬಿಡದೆ ಗಮನಿಸಬೇಕು. ಕೈಬರಹವು ನಡುವೆ ಬದಲಾಗಿದ್ದರೆ, ಸಭಾಪಾಲಕರು ವರ್ಗವಾದರೋ, ಊರು ಬಿಟ್ಟರೋ, ಅಥವಾ ಮುಂದಿನ ಸಾಲಿನಲ್ಲಿರುವ ಹೆಸರು ಅವರದೇ ಆಗಿದೆಯೋ ಎಂದು ಪುಟ ತಿರುವುವ ಮೊದಲು ಓದಿ ನೋಡಬೇಕು.