ಯುದ್ಧಕಾಲದ ಚಿಲ್ಲರೆ ಚೀಟಿಗಳು: ಸಂಗ್ರಾಹಕರಿಗೆ ಮಾಹಿತಿ

ಎರಡನೆಯ ಮಹಾಯುದ್ಧದ ಅವಧಿಯಲ್ಲಿ (1939-45) ಭಾರತದಾದ್ಯಂತ ಚಿಲ್ಲರೆ ನಾಣ್ಯಗಳ ತೀವ್ರ ಅಭಾವ ಉಂಟಾಗಿತ್ತು. ನೋಟಿನ ಮೇಲಿನ ನಂಬಿಕೆ ಕುಂದಿದ ಜನರು ನಾಣ್ಯಗಳನ್ನು ಕೂಡಿಡತೊಡಗಿದರು. ಲೋಹಕ್ಕೆ ಯುದ್ಧದ ಬೇಡಿಕೆಯೂ ಇತ್ತು. 1940ರಲ್ಲಿ ರೂಪಾಯಿಯ ಬೆಳ್ಳಿಯ ಅಂಶವನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಲಾಯಿತು. 1943ರಲ್ಲಿ ನಡುವೆ ತೂತಿರುವ ಕಾಲಾಣೆ ಚಲಾವಣೆಗೆ ಬಂದಿತು. ಹಳೆಯ ಕಾಲಾಣೆ 4.86 ಗ್ರಾಂ ತೂಗುತ್ತಿದ್ದರೆ ಇದರ ತೂಕ ಸುಮಾರು 2 ಗ್ರಾಂ ಮಾತ್ರ.

ಬೆಂಗಳೂರಿನ ಟಂಕಸಾಲೆಯು 1843ರಲ್ಲಿ ಮುಚ್ಚಲ್ಪಟ್ಟ ಬಳಿಕ ಮೈಸೂರು ಸಂಸ್ಥಾನಕ್ಕೆ ಸ್ವಂತ ನಾಣ್ಯವಿರಲಿಲ್ಲ. ಆದುದರಿಂದ ಹಿರಿಯೂರು ಸೀಮೆಯ ವ್ಯಾಪಾರವೂ ಬ್ರಿಟಿಷ್ ಭಾರತದ ನಾಣ್ಯವನ್ನೇ ಅವಲಂಬಿಸಿತ್ತು. ಮೋರ್ವಿ, ಜುನಾಗಢ, ಬಿಕಾನೇರ್ ಮುಂತಾದ ಸಂಸ್ಥಾನಗಳು ರಟ್ಟಿನ ಕೂಪನ್ನುಗಳನ್ನು ಹೊರಡಿಸಿದವು. ಇತರೆಡೆ ವರ್ತಕರು ಚಿಲ್ಲರೆಗೆ ಬದಲಾಗಿ ಅಂಚೆ ಚೀಟಿಯನ್ನೋ ತಮ್ಮ ಅಂಗಡಿಯ ಚೀಟಿಯನ್ನೋ ಕೊಡುತ್ತಿದ್ದರು. ಬಸ್ ಟಿಕೆಟಿನ ಹಿಂಬದಿಯಲ್ಲಿ ನಿರ್ವಾಹಕರು ಬಾಕಿ ಬರೆದುಕೊಡುವುದನ್ನು ಕಂಡವರಿಗೆ ಈ ಏರ್ಪಾಡು ಹೊಸದೆನಿಸದು. ಖಾಸಗಿಯವರು ಹಣವಾಗಿ ಬಳಸಲು ಲೋಹದ ಬಿಲ್ಲೆ ತಯಾರಿಸುವುದನ್ನು ಬ್ರಿಟಿಷ್ ಭಾರತದಲ್ಲಿ 1889ರ ಕಾಯ್ದೆಯೇ ನಿಷೇಧಿಸಿತ್ತು. ಹೀಗಾಗಿ ಈ ಬಗೆಯ ವಸ್ತುಗಳನ್ನು ಲೋಹಕ್ಕಿಂತ ಕಾಗದದಲ್ಲಿ ಹುಡುಕುವುದು ಲೇಸು.

ಕಾಗದವಾದ ಕಾರಣದಿಂದಲೇ ಇವು ರದ್ದಿಗೆ ಸೇರಿ ನಾಶವಾಗುತ್ತಿವೆ. ಹಳೆಯ ಅಂಗಡಿಮನೆಗಳ ಕಿರ್ದಿ, ಖಾತೆ ಪುಸ್ತಕಗಳ ನಡುವೆ ಇಂತಹ ಚೀಟಿ ಕಂಡುಬಂದಲ್ಲಿ ಅದನ್ನು ಪುಸ್ತಕದಿಂದ ಬೇರ್ಪಡಿಸುವ ಮೊದಲು ಯಾವ ಪುಟದಲ್ಲಿ, ಯಾವ ತಾರೀಖಿನ ಲೆಕ್ಕದ ಬಳಿ ಇತ್ತೆಂಬುದನ್ನು ಬರೆದಿಡತಕ್ಕದ್ದು. ಚೀಟಿಯ ಮೇಲೆ ಸಾಮಾನ್ಯವಾಗಿ ವರ್ಷವಿರುವುದಿಲ್ಲ. ಆ ಪುಟವೇ ಅದರ ಕಾಲಕ್ಕೆ ಸಾಕ್ಷಿ. ಆಣೆ ಕಾಸಿನ ಮೊತ್ತ ನಮೂದಾಗಿದ್ದರೆ ಅದು 1957ರ ಏಪ್ರಿಲ್ 1ರಂದು ಜಾರಿಗೆ ಬಂದ ದಶಮಾಂಶ ಪದ್ಧತಿಗಿಂತ ಹಿಂದಿನದೆಂದು ಊಹಿಸಬಹುದೇ ಹೊರತು ಯುದ್ಧಕಾಲದ್ದೇ ಎಂದು ಹೇಳಲಾಗದು. ಮೊತ್ತವಿಲ್ಲದ, "ಕಾಫಿ" ಅಥವಾ "ಊಟ" ಎಂದಷ್ಟೇ ಇರುವ ಬಿಲ್ಲೆಗಳು ಹೆಚ್ಚಾಗಿ ಹೋಟೆಲಿನ ಟೋಕನ್ನುಗಳು. ಮಾರಾಟಗಾರರು ಇವನ್ನೂ ಯುದ್ಧಕಾಲದವೆಂದು ಹೇಳುವುದುಂಟು.

ಚೀಟಿಗಳಿಗೆ ಅಂಟುಪಟ್ಟಿ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಸಲ್ಲದು. ತೂತಿನ ಕಾಲಾಣೆಗಳನ್ನು ಹುಣಸೆಹಣ್ಣಿನಿಂದ ಉಜ್ಜಬಾರದು.

ಮನೆಯ ಪೆಟ್ಟಿಗೆಯಲ್ಲಿ ಉಳಿದುಬಂದ ಚೀಟಿಗೂ ನೆಲದಲ್ಲಿ ದೊರೆತ ನಾಣ್ಯಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ಮತ್ತು ರೋಮನ್ ನಾಣ್ಯಗಳು ದೊರೆತಿರುವ ಈ ಜಿಲ್ಲೆಯಲ್ಲಿ, ಉಳುವಾಗ ಅಥವಾ ಪಾಯ ತೋಡುವಾಗ ಸಿಕ್ಕ ಹಳೆಯ ನಾಣ್ಯಗಳ ವಿಷಯವನ್ನು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.