ನಂಬಿಕೆಗೂ ಒಂದು ಇಸವಿ ಇದೆ

1976ರಲ್ಲಿ ನಾನು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದುತ್ತಿದ್ದೆ. ಮನೆ ಕಾಡುಗೋಡಿಯಲ್ಲಿ. ವೈಟ್‌ಫೀಲ್ಡ್ ಎಂದು ಬೋರ್ಡು ಹಾಕಿಕೊಂಡಿರುವ ರೈಲು ನಿಲ್ದಾಣ ಇರುವುದು ನಮ್ಮೂರಿನಲ್ಲೇ. ಬೆಳಗಿನ ಗಾಡಿಗೆ ಹೊರಡುವಾಗ ಅಮ್ಮ ನನ್ನ ಅಂಗಿಯ ಜೇಬಿಗೆ ಒಂದು ಪುಟ್ಟ ಕಾಗದದ ಪೊಟ್ಟಣ ಇಡುತ್ತಿದ್ದಳು. ಒಳಗೆ ಒಂದು ಚಿಟಿಕೆ ವಿಭೂತಿ. ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮದ್ದು. ಆಶ್ರಮ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸುವ ಸಮಿತಿಯೊಂದನ್ನು ರಚಿಸಿ, ಬಾಬಾ ಅವರಿಗೆ ಪತ್ರ ಬರೆದರು. ನರಸಿಂಹಯ್ಯನವರು ನಮ್ಮ ಕಾಲೇಜಿನ ಹಿಂದಿನ ಪ್ರಿನ್ಸಿಪಾಲರು. ನಮಗೆಲ್ಲ ಎಚ್ಚೆನ್ ಮೇಷ್ಟ್ರು. ಹೀಗೆ ಹದಿನೆಂಟರ ವಯಸ್ಸಿನಲ್ಲಿ, ಜೇಬಿನಲ್ಲಿ ವಿಭೂತಿ ಇಟ್ಟುಕೊಂಡು, ಕಂಕುಳಲ್ಲಿ ಭೌತವಿಜ್ಞಾನದ ನೋಟ್‌ಬುಕ್ಕು ಹಿಡಿದುಕೊಂಡು ನಾನು ದಿನಾ ಆ ರೈಲು ಹತ್ತುತ್ತಿದ್ದೆ.

ನಮ್ಮ ಮನೆಯಲ್ಲಿ ದೇವರಿಗೆ ಬಡತನವಿರಲಿಲ್ಲ. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ವರ್ಷಕ್ಕೊಮ್ಮೆ ಕೆರೆ ಏರಿಯ ಮುನೇಶ್ವರನಿಗೆ ಕೋಳಿ ಕೊಯ್ಯದಿದ್ದರೆ ಹಳಿಯ ಮೇಲೆ ಕಾಲಿಡಲು ಅಂಜುತ್ತಿದ್ದ. ಅಮ್ಮ ಗುರುವಾರ ಭಜನೆಗೆ ಹೋಗಲು ಶುರುಮಾಡಿದ ಮೇಲೆ ಮಾಂಸ ಬಿಟ್ಟಳು. ಅಜ್ಜಿ ಇವರಿಬ್ಬರಿಗಿಂತ ಉದಾರಿ. ವಯಸ್ಸಿನಲ್ಲಿ ಅವಳು ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ಲಿನ ಬಂಗಲೆಯೊಂದರಲ್ಲಿ ದೊರೆಸಾನಿಯ ಅಡುಗೆಮನೆಗೆ ನೀರು ಹೊತ್ತವಳು. ಮಕ್ಕಳಿಗೆ ಜ್ವರ ಬಂದರೆ ಮಾರಮ್ಮನಿಗೆ ಮೊಸರನ್ನ ಹರಸಿಕೊಳ್ಳುತ್ತಿದ್ದಳು. ಮೂರು ದಿನಕ್ಕೂ ಇಳಿಯದಿದ್ದರೆ ಲೂರ್ದು ಮಾತೆಯ ಚರ್ಚಿಗೆ ಹೋಗಿ ಮೇಣದಬತ್ತಿ ಹಚ್ಚಿ ಬರುತ್ತಿದ್ದಳು. ಇಷ್ಟರ ನಡುವೆ ಬೆಳೆದ ನನಗೆ ಇವೆಲ್ಲ ಅನಾದಿಯಿಂದ ಹೀಗೇ ಇವೆ ಎನ್ನಿಸಿತ್ತು. ಬೆಟ್ಟವೋ ಬಂಡೆಯೋ ಇದ್ದ ಹಾಗೆ.

ಆ ಭಾವನೆಯನ್ನು ಮೊದಲು ಅಲುಗಾಡಿಸಿದ್ದು ವಿಜ್ಞಾನವಲ್ಲ, ಇತಿಹಾಸ. ಕಾಲೇಜಿನ ಗ್ರಂಥಾಲಯದಲ್ಲಿ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿದ್ದವು. ಇತಿಹಾಸದ ಅಧ್ಯಾಪಕರೊಬ್ಬರು ಯಾವ ಊರು ಎಂದು ಕೇಳಿದರು, ಕಾಡುಗೋಡಿ ಎಂದೆ. ಬೆಂಗಳೂರು ಜಿಲ್ಲೆಯ ಸಂಪುಟ ತೆಗೆಸಿ ಓದಿಸಿದರು. ನಮ್ಮೂರಿನ ಕಾಶಿ ವಿಶ್ವೇಶ್ವರ ಗುಡಿಯಲ್ಲಿ 1043ರ, ರಾಜೇಂದ್ರ ಚೋಳನ ಕಾಲದ ತಮಿಳು ಶಾಸನವಿದೆ. ಚೋಳರ ಅಧಿಕಾರಿಯೊಬ್ಬ ಪಟ್ಟಂದೂರಿನ ಕೆರೆಯನ್ನು ಕಟ್ಟಿಸಿ, ತೂಬು ಇಡಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರನ್ನು ಪ್ರತಿಷ್ಠೆ ಮಾಡಿಸಿದ ಸಂಗತಿ ಅದರಲ್ಲಿದೆ. ನಾನು ಎಣ್ಣೆ ಬತ್ತಿ ಒಯ್ಯುತ್ತಿದ್ದ ಗುಡಿಯ ಕಲ್ಲು, ದೇವರು ಬಂದು ನೆಲೆಸಿದ ಇಸವಿಯನ್ನು ತಾನೇ ಹೇಳುತ್ತಿತ್ತು! ಯಾರೋ ಒಬ್ಬ ಮನುಷ್ಯ, ಒಂದು ವರ್ಷ, ನೀರಿನ ಕೆಲಸದ ಜೊತೆಗೆ ಆ ದೇವರನ್ನೂ ಊರಿಗೆ ತಂದಿದ್ದ.

ಅಲ್ಲಿಂದ ಮುಂದೆ ನಾನು ಪ್ರತಿಯೊಂದು ನಂಬಿಕೆಯ ಇಸವಿ ಹುಡುಕತೊಡಗಿದೆ. ಅಜ್ಜಿಯ ಮೇಣದಬತ್ತಿಗೂ ಇಸವಿ ಇತ್ತು. 1882ರಲ್ಲಿ ಮೈಸೂರಿನ ಅರಸರಾದ ಚಾಮರಾಜೇಂದ್ರ ಒಡೆಯರು ಡಿ.ಎಸ್. ವೈಟ್ ಎಂಬವರ ನೇತೃತ್ವದ ಆಂಗ್ಲೋ ಇಂಡಿಯನ್ ಸಂಘಕ್ಕೆ ಸುಮಾರು 3,900 ಎಕರೆ ನೆಲ ಕೊಟ್ಟರು. ಆ ನೆಲಕ್ಕೆ ವೈಟ್ ಅವರ ಹೆಸರೇ ನಿಂತಿತು. 1886ರಲ್ಲಿ ಅಲ್ಲಿ ಮೆಮೋರಿಯಲ್ ಚರ್ಚು ಎದ್ದಿತು. ಹೊಲ ಗದ್ದೆಯ ಕನಸು ಹೊತ್ತು ಬಂದ ಆ ಕುಟುಂಬಗಳ ಬಳಿ ಕೆಲಸಕ್ಕೆ ಹೋದ ನಮ್ಮೂರ ಹೆಂಗಸರು ಸಂಬಳದ ಜೊತೆಗೆ ಅವರ ದೇವರನ್ನೂ ಮನೆಗೆ ತಂದರು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಸಾವಿರಾರು ಜನ ಸತ್ತರು. ನಗರದ ಹಲವು ಕಡೆ ಪ್ಲೇಗಮ್ಮನ ಗುಡಿಗಳು ಹುಟ್ಟಿದವು. ಇಲಿಯ ಮೈಮೇಲಿನ ಚಿಗಟ ರೋಗ ಹರಡುತ್ತದೆ ಎಂದು ತಿಳಿದು, ಊರು ಶುಚಿಯಾಗಿ, ಪ್ಲೇಗು ಹೋದ ಮೇಲೂ ಪ್ಲೇಗಮ್ಮ ಗುಡಿಯಲ್ಲೇ ಉಳಿದಳು. ಇನ್ನು ನನ್ನ ಅಮ್ಮನ ನಂಬಿಕೆಯಂತೂ ನನ್ನ ಕಣ್ಣೆದುರೇ ಬೆಳೆದದ್ದು. 1969ರಲ್ಲಿ ಆಶ್ರಮದ ಪಕ್ಕ ಸಾಯಿ ಕಾಲೇಜು ಶುರುವಾಯಿತು, 1972ರಲ್ಲಿ ಬೇಸಿಗೆಯ ಅಧ್ಯಾತ್ಮ ಶಿಬಿರಗಳು. ಬಿಳಿ ಸೀರೆ ಉಟ್ಟ ವಿದೇಶಿ ಹೆಂಗಸರು ನಮ್ಮೂರ ಅಂಗಡಿಯಲ್ಲಿ ಎಳನೀರು ಕುಡಿಯುವುದನ್ನು ಕಂಡು ನಾವು ಹುಡುಗರು ಬಾಯಿ ಬಿಟ್ಟು ನಿಲ್ಲುತ್ತಿದ್ದೆವು.

ಎಚ್ಚೆನ್ ಬಗ್ಗೆ ಇಂದಿನವರಿಗೆ ನಾಲ್ಕು ಮಾತು ಹೇಳಬೇಕು. ಗೌರಿಬಿದನೂರು ಸೀಮೆಯ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಹುಡುಗ. ಓದುವುದಕ್ಕೆ ಬೆಂಗಳೂರಿಗೆ ನಡೆದೇ ಬಂದವರು. 1942ರ ಚಳವಳಿಯಲ್ಲಿ ಜೈಲು ಕಂಡರು. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು ಬಂದ ಮೇಲೂ ಖಾದಿ ಬಿಡಲಿಲ್ಲ, ಗಾಂಧಿ ಟೋಪಿ ಬಿಡಲಿಲ್ಲ, ಮದುವೆಯಾಗಲಿಲ್ಲ, ಕಾಲೇಜಿನ ಹಾಸ್ಟೆಲ್ಲಿನ ಕೋಣೆಯೇ ಮನೆಯಾಯಿತು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಅಲ್ಲಿ ವಾರವಾರವೂ ಯಾರಾದರೊಬ್ಬ ವಿಜ್ಞಾನಿ ಬಂದು ಮಾತಾಡುತ್ತಿದ್ದರು. ಯಾರು ಬೇಕಾದರೂ ಕೂತು ಕೇಳಬಹುದಿತ್ತು, ಪ್ರಶ್ನೆ ಕೇಳಬಹುದಿತ್ತು. ರಾಹುಕಾಲ, ಜಾತಕ, ದೆವ್ವ, ಪವಾಡ, ಯಾವುದನ್ನೇ ಆಗಲಿ ಪ್ರಶ್ನೆ ಮಾಡದೆ ಒಪ್ಪಬೇಡಿ ಎನ್ನುವುದು ಅವರು ಜೀವನವಿಡೀ ಸಾರಿದ ಮಾತು. ಸನ್ಯಾಸಿಯ ಹಾಗೆ ಬಾಳಿದ ಮನುಷ್ಯ ದೇವಮಾನವರನ್ನು ಪ್ರಶ್ನಿಸುತ್ತಿದ್ದದ್ದು ನಮ್ಮಂಥ ಹಳ್ಳಿ ಹುಡುಗರನ್ನು ಗಾಢವಾಗಿ ತಟ್ಟಿತು. ಬಿಡುವುದಕ್ಕೆ ಅವರ ಬಳಿ ಆಸ್ತಿಯೇ ಇರಲಿಲ್ಲ, ಬಿಟ್ಟುಕೊಡದೆ ಹಿಡಿದದ್ದು ಪ್ರಶ್ನೆಯೊಂದನ್ನೇ.

ಸಮಿತಿಯ ಕೆಲಸ ಪತ್ರಿಕೆಗಳಲ್ಲಿ ದಿನಾ ಸುದ್ದಿ. ಪಾಂಡವಪುರದಲ್ಲಿ ಏಳೆಂಟು ವರ್ಷದ ಹುಡುಗನೊಬ್ಬ ಕೈಯಿಂದ ವಿಭೂತಿ ಸೃಷ್ಟಿಸುತ್ತಾನೆಂದು ಜನ ಸೇರುತ್ತಿದ್ದರು. ಸಮಿತಿ ಅಲ್ಲಿಗೆ ಹೋಯಿತು. ವಿಭೂತಿ ಬಟ್ಟೆಯೊಳಗೆ ಅಡಗಿದ್ದದ್ದು ಬಯಲಾಯಿತು. ನನಗೆ ಅಂದು ಕನಿಕರವಾದದ್ದು ಆ ಮಗುವಿನ ಮೇಲೆ. ಅದಕ್ಕೆ ಆ ಆಟ ಕಲಿಸಿದವರು ದೊಡ್ಡವರು. ಗಾಳಿಯಿಂದ ವಿಭೂತಿ ತರುತ್ತಾರೆಂದು ಭಕ್ತರು ನಂಬಿದ್ದ ಬಾಬಾ ಅವರಿಗೆ ಎಚ್ಚೆನ್ ಮೂರು ಪತ್ರ ಬರೆದರು. ಒಪ್ಪಿದ ನಿಬಂಧನೆಗಳಡಿ ಪವಾಡಗಳನ್ನು ತೋರಿಸಿಕೊಡಿ ಎಂಬುದು ಕೋರಿಕೆ. ಪತ್ರಗಳಿಗೆ ಉತ್ತರ ಬರಲಿಲ್ಲ. ಅದೇ ವರ್ಷ ಬ್ಲಿಟ್ಜ್ ಪತ್ರಿಕೆಯ ಆರ್.ಕೆ. ಕರಂಜಿಯಾ ಅವರಿಗೆ ಕೊಟ್ಟ ಸಂದರ್ಶನದಲ್ಲಿ ಬಾಬಾ, ಅಧ್ಯಾತ್ಮ ಇಂದ್ರಿಯಗಳಿಗೆ ಮೀರಿದ್ದು, ವಿಜ್ಞಾನ ಅದನ್ನು ಅಳೆಯಲಾರದು ಎಂಬ ಅರ್ಥದ ಮಾತಾಡಿದರು. 1977ರಲ್ಲಿ ಎಚ್ಚೆನ್ ಕುಲಪತಿ ಸ್ಥಾನದಿಂದ ಹೊರಬಂದರು, ಸಮಿತಿಯೂ ಮುಗಿಯಿತು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ನಾಗರಿಕನ ಮೂಲಭೂತ ಕರ್ತವ್ಯವೆಂದು ಸಂವಿಧಾನಕ್ಕೆ 42ನೆಯ ತಿದ್ದುಪಡಿಯಲ್ಲಿ ಸೇರಿದ್ದೂ ಅದೇ 1976ರಲ್ಲಿ.

ಆ ದಿನಗಳ ಬಿಸಿಯಲ್ಲಿ ನಾನೊಂದು ತಪ್ಪು ಮಾಡಿದೆ. ಒಂದು ಬೆಳಗ್ಗೆ ಜೇಬಿನ ಪೊಟ್ಟಣ ತೆಗೆದು ಅಮ್ಮನ ಮುಂದೆ ಬಿಚ್ಚಿ, "ಇದು ಬರೀ ಸಗಣಿ ಬೂದಿ" ಎಂದೆ. ಅಮ್ಮ ಒಲೆ ಊದುತ್ತಿದ್ದಳು. ತಿರುಗಿ ನೋಡಿ ಹೇಳಿದಳು: "ಗೊತ್ತು ಕಣಪ್ಪ. ದಿನಾ ಬೆರಣಿ ತಟ್ಟೋಳಿಗೆ ಬೂದಿ ಯಾವುದು ಅಂತ ಗೊತ್ತಾಗಲ್ವಾ? ನೀನು ಅಷ್ಟು ದೂರ ಹೋಗ್ತೀಯ. ನನ್ನ ಕೈ ಅಲ್ಲೀಗಂಟ ಬರಲ್ಲ. ಅದಕ್ಕೆ ಇಡ್ತೀನಿ."

ಆ ಮಾತು ಅರ್ಥವಾಗಲು ನನಗೆ ವರ್ಷಗಳೇ ಬೇಕಾದವು. ಎಚ್ಚೆನ್ ಪತ್ರದಲ್ಲಿ ಪ್ರಶ್ನೆ ಕೇಳಿದ್ದರು. ನಾನು ಅಮ್ಮನನ್ನು ಏನನ್ನೂ ಕೇಳಿರಲಿಲ್ಲ, ತೀರ್ಪು ಕೊಟ್ಟಿದ್ದೆ. ಗಾಳಿಯಿಂದ ವಿಭೂತಿ ಬರುತ್ತದೆಯೇ ಎಂಬುದು ಒಂದು ಪ್ರಶ್ನೆ. ಅದಕ್ಕೆ ಪರೀಕ್ಷೆ ಸಾಧ್ಯ, ಪರೀಕ್ಷೆಗೆ ಒಪ್ಪದವರ ಮಾತನ್ನು ನಂಬಬೇಕಾಗಿಲ್ಲ. ತಾಯಿ ಅದನ್ನು ಮಗನ ಜೇಬಿನಲ್ಲಿ ಯಾಕೆ ಇಡುತ್ತಾಳೆ ಎಂಬುದು ಇನ್ನೊಂದು ಪ್ರಶ್ನೆ. ಎರಡನ್ನೂ ಒಂದೇ ಎಂದುಕೊಂಡದ್ದು ನನ್ನ ಎಳಸುತನ.

ಆಗಲೇ ಕೈಗೆ ಬಂದದ್ದು ಶಿವರಾಮ ಕಾರಂತರ 'ಮೂಕಜ್ಜಿಯ ಕನಸುಗಳು'. 1977ರಲ್ಲಿ ಅದಕ್ಕೆ ಜ್ಞಾನಪೀಠ ಬಂದಿತ್ತು. ಬಾಲ್ಯದಲ್ಲೇ ವಿಧವೆಯಾದ ಒಬ್ಬ ಮುದುಕಿ ಹಳೆಯ ಮೂಳೆಯನ್ನೋ ಕಲ್ಲನ್ನೋ ಕೈಗೆತ್ತಿಕೊಂಡು, ದೇವರುಗಳು ಮನುಷ್ಯರ ಬಾಳಿನ ಜೊತೆ ಹೇಗೆ ಹುಟ್ಟಿ ಬೆಳೆದರೆಂದು ಕಾಣುವ ಕಾದಂಬರಿ. ಮೂಕಜ್ಜಿ ದೇವರನ್ನು ಬಯ್ಯುವುದಿಲ್ಲ, ಅಂಜುವುದೂ ಇಲ್ಲ. ಮುಂದೆ ಎ.ಎನ್. ಮೂರ್ತಿರಾಯರು ತೊಂಬತ್ತರ ಆಸುಪಾಸಿನಲ್ಲಿ, 1991ರಲ್ಲಿ, 'ದೇವರು' ಬರೆದಾಗಲೂ ನನಗೆ ಇದೇ ಧೈರ್ಯ ಸಿಕ್ಕಿತು. ಸಾವು ಹತ್ತಿರವಿರುವ ವಯಸ್ಸಿನಲ್ಲಿ ಒಬ್ಬ ಮನುಷ್ಯ ಸಮಾಧಾನಕ್ಕಾಗಿ ನಂಬದೆ, ತನಗೆ ಸತ್ಯವೆನಿಸಿದ್ದನ್ನು ಶಾಂತವಾಗಿ ಬರೆದಿದ್ದರು. ಹೀಗೆ ಪ್ರಶ್ನಿಸುವ ಧೈರ್ಯ ಕನ್ನಡಕ್ಕೆ ಹೊರಗಿನಿಂದ ಬಂದದ್ದಲ್ಲ. ಹುಟ್ಟಿನಿಂದ ಬಂದ ಜನಿವಾರವನ್ನು ಬೇಡವೆಂದ ಬಸವಣ್ಣನವರು ಎಂಟು ನೂರು ವರ್ಷಗಳಿಗೂ ಹಿಂದಿನವರು.

2003ರಲ್ಲಿ ನನ್ನ ತಂಗಿಯ ಹೃದಯದ ಕವಾಟ ಕೆಟ್ಟಿತು. ಆಪರೇಷನ್ನಿಗೆ ಕೇಳಿದ ಹಣ ಮೇಷ್ಟ್ರಾಗಿದ್ದ ನನ್ನ ಸಂಬಳದಲ್ಲಿ ಹುಟ್ಟುವಂಥದ್ದಲ್ಲ. ಅಮ್ಮ ನನ್ನನ್ನು ಕೇಳದೆ ಅವಳನ್ನು ವೈಟ್‌ಫೀಲ್ಡಿನ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗೆ ಕರೆದೊಯ್ದಳು. 2001ರ ಜನವರಿಯಲ್ಲಿ ಪ್ರಧಾನಿ ವಾಜಪೇಯಿ ಉದ್ಘಾಟಿಸಿದ ಆಸ್ಪತ್ರೆ ಅದು. ಅಲ್ಲಿ ಹಣ ಕಟ್ಟುವ ಕೌಂಟರೇ ಇಲ್ಲ. ಜಾತಿ, ಧರ್ಮ ಕೇಳಲಿಲ್ಲ, ಭಕ್ತೆಯೇ ಎಂದು ಕೇಳಲಿಲ್ಲ. ತಂಗಿ ಇಂದಿಗೂ ಬದುಕಿದ್ದಾಳೆ. ಆ ಆಸ್ಪತ್ರೆಯ ವರಾಂಡದಲ್ಲಿ ಕೂತ ರಾತ್ರಿಗಳಲ್ಲಿ ನಾನು ಪ್ರಾಮಾಣಿಕವಾಗಿ ನನ್ನನ್ನೇ ಕೇಳಿಕೊಂಡೆ: ಈಗ ನಂಬಬೇಕೆ? ನನಗೆ ಸಿಕ್ಕ ಉತ್ತರ ಇದು. ಕೈ ಮುಗಿದು ಕೃತಜ್ಞತೆ ಹೇಳಬೇಕು, ಹೇಳಿದೆ. ಕವಾಟ ಬದಲಿಸಿದ್ದು ಶಸ್ತ್ರಚಿಕಿತ್ಸೆ ಕಲಿತ ಕೈಗಳು, ಖರ್ಚು ಹೊತ್ತದ್ದು ಭಕ್ತರ ಕೊಡುಗೆ. ಇದು ಎಲ್ಲರ ಕಣ್ಣಿಗೂ ಕಾಣುವ ಸೇವೆ, ಯಾವ ಪರೀಕ್ಷೆಗೂ ನಿಲ್ಲುತ್ತದೆ. ಇದಕ್ಕೆ ಪವಾಡದ ಆಸರೆ ಬೇಕಿಲ್ಲ. 1976ರ ಪ್ರಶ್ನೆಯೂ ಇದರಿಂದ ಅಳಿಸಿಹೋಗುವುದಿಲ್ಲ.

ಈಗ ನಮ್ಮೂರಿಗೆ ಮೆಟ್ರೋ ಬಂದಿದೆ. 2023ರ ಮಾರ್ಚಿನಿಂದ ನೇರಳೆ ಮಾರ್ಗದ ಕೊನೆಯ ನಿಲ್ದಾಣ ವೈಟ್‌ಫೀಲ್ಡ್ ಕಾಡುಗೋಡಿ. ಅದಕ್ಕೆ ಸ್ವಲ್ಪ ಹಿಂದೆ ಪಟ್ಟಂದೂರು ಅಗ್ರಹಾರ, ಅದರ ಹಿಂದೆ ಶ್ರೀ ಸತ್ಯಸಾಯಿ ಆಸ್ಪತ್ರೆ. ಚೋಳರ ಕೆರೆಯ ಊರನ್ನು ಸಾವಿರಾರು ಸಾಫ್ಟ್‌ವೇರ್ ಮಕ್ಕಳು ಫೋನು ನೋಡುತ್ತಾ ದಾಟುತ್ತಾರೆ. ನನ್ನ ಮಗಳೂ ಅವರಲ್ಲೊಬ್ಬಳು. ಕೆಲಸದಲ್ಲಿ ಅವಳು ಪ್ರತಿಯೊಂದನ್ನೂ ಟೆಸ್ಟ್ ಮಾಡುತ್ತಾಳೆ. ಟೆಸ್ಟ್ ಆಗದೆ ಒಂದು ಸಾಲು ಕೋಡು ಹೊರಗೆ ಹೋಗುವುದಿಲ್ಲವಂತೆ. ಫ್ಲಾಟ್ ಕೊಳ್ಳುವಾಗ ಮಾತ್ರ ವಾಸ್ತು ಸರಿಯಿಲ್ಲವೆಂದು ಒಂದು ಒಳ್ಳೆಯ ಮನೆ ಬಿಟ್ಟಳು. ಯಾಕೆ ಎಂದು ಕೇಳಿದೆ. "ಎಲ್ಲರೂ ನೋಡ್ತಾರಪ್ಪ, ರಿಸ್ಕ್ ಯಾಕೆ" ಎಂದಳು. ನಾನು ತೀರ್ಪು ಕೊಡಲಿಲ್ಲ. ಯಾರು, ಯಾವಾಗಿನಿಂದ, ಏನಾಯಿತೆಂದು ನೋಡುತ್ತಾರೆ ಎಂದು ಮತ್ತೆ ಕೇಳಿದೆ. ಅವಳು ಸುಮ್ಮನೆ ಯೋಚಿಸುತ್ತಾ ಕೂತಳು. ನನಗೆ ಅಷ್ಟು ಸಾಕಿತ್ತು.

ಪ್ರಶ್ನಿಸುವುದು ಈಗ ಅಂದಿನಷ್ಟು ಹಗುರದ ಕೆಲಸವಲ್ಲ ಎಂದು ಬಲ್ಲೆ. 1976ರಲ್ಲಿ ಪ್ರಶ್ನೆಗೆ ಸಿಕ್ಕದ್ದು ಮೌನ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ, ನಂಬಿಕೆಗಳನ್ನು ಪ್ರಶ್ನಿಸುತ್ತಿದ್ದ ಸಂಶೋಧಕ ಎಂ.ಎಂ. ಕಲಬುರ್ಗಿಯವರಿಗೆ ಅವರ ಮನೆಯ ಬಾಗಿಲಲ್ಲೇ ಗುಂಡು ಬಿತ್ತು. ಹಾಗಾಗಿಯೇ ಮನೆಯೊಳಗಾದರೂ, ಪ್ರೀತಿಯಿಂದಲಾದರೂ, ಕೇಳುವ ರೂಢಿ ಉಳಿಯಬೇಕು.

ನನಗೆ ಜಾತಕವಿಲ್ಲ, ರಾಹುಕಾಲವಿಲ್ಲ, ಹರಕೆಯಿಲ್ಲ. ಅಮ್ಮ ತೀರಿಕೊಂಡ ಮೇಲೆ ಅವಳು ಹಚ್ಚುತ್ತಿದ್ದ ಸಂಜೆಯ ದೀಪವನ್ನು ನಾನು ಹಚ್ಚುತ್ತೇನೆ. ಏನನ್ನೂ ಬೇಡುವುದಿಲ್ಲ. ಕಾಲು ಗಂಟೆ ಅದರ ಮುಂದೆ ಮಾತಿಲ್ಲದೆ ಕೂರುತ್ತೇನೆ. ಆ ದಿನ ಯಾರಿಗೆ ನೋವು ಮಾಡಿದೆ, ಯಾವ ಮಾತು ಸುಳ್ಳಾಡಿದೆ ಎಂದು ನೋಡಿಕೊಳ್ಳುತ್ತೇನೆ. ನನ್ನ ಅಧ್ಯಾತ್ಮ ಇಷ್ಟೇ. ಇದನ್ನು ಯಾರೂ ನನಗೆ ಬಿಟ್ಟುಹೋದದ್ದಲ್ಲ, ನಾನೇ ಹುಡುಕಿಕೊಂಡದ್ದು. ಆದರೆ ಹಣತೆ ಅಮ್ಮನದು.

ಅಜ್ಜಿಗೆ ಮೇಣದಬತ್ತಿ ಹಚ್ಚಲು ಕಲಿಸಿದವರು ಯಾರೆಂದು ನಾನು ಕೇಳಲಿಲ್ಲ. ಅವಳು ಹೋಗಿ ಐವತ್ತು ವರ್ಷವಾಯಿತು, ಇನ್ನು ಹೇಳುವವರಿಲ್ಲ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಆಚರಣೆ ಇದ್ದೇ ಇರುತ್ತದೆ. ಅದು ಯಾವಾಗ ಬಂತು, ಯಾರು ತಂದರು, ಯಾವ ಭಯಕ್ಕೋ ಯಾವ ಪ್ರೀತಿಗೋ ಬಂತು ಎಂದು ಹಿರಿಯರ ಪಕ್ಕ ಕೂತು ಕೇಳಿ, ಬರೆದಿಡಿ. ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಆಮೇಲೆ ನೀವೇ ನಿರ್ಧರಿಸಿ. ಅವರು ಬದುಕಿರುವಾಗಲೇ ಕೇಳಿ.