ದ್ರವ್ಯರಾಶಿ: ಪರಿಕಲ್ಪನೆಯ ಇತಿಹಾಸ

ವಸ್ತುವೊಂದು ತನ್ನ ಚಲನೆಯ ಬದಲಾವಣೆಗೆ ಒಡ್ಡುವ ಪ್ರತಿರೋಧದ ಅಳತೆಯೇ ದ್ರವ್ಯರಾಶಿ. ಭೂಮಿ ಆ ವಸ್ತುವನ್ನು ಎಷ್ಟು ಬಲದಿಂದ ಎಳೆಯುತ್ತದೆ ಎಂಬುದೂ ಇದನ್ನೇ ಅವಲಂಬಿಸಿದೆ. ಆ ಎಳೆತಕ್ಕೆ ತೂಕವೆಂದು ಹೆಸರು. 1 ಕಿಲೋಗ್ರಾಂ ಕಬ್ಬಿಣದ ತೂಕ ಭೂಮಿಯ ಮೇಲೆ ಸುಮಾರು 9.8 ನ್ಯೂಟನ್, ಚಂದ್ರನ ಮೇಲೆ ಸುಮಾರು 1.6 ನ್ಯೂಟನ್. ಆದರೆ ಘರ್ಷಣೆಯಿಲ್ಲದ ನೆಲದ ಮೇಲೆ ಅದನ್ನು ಪಕ್ಕಕ್ಕೆ ತಳ್ಳಿ ಒಂದೇ ವೇಗೋತ್ಕರ್ಷ ಕೊಡಬೇಕಾದರೆ ಎರಡೂ ಕಡೆ ಬೇಕಾಗುವ ಬಲ ಒಂದೇ. ಪ್ರೌಢಶಾಲೆಯ ಪುಸ್ತಕದಲ್ಲಿ ನಾಲ್ಕು ಸಾಲಿಗೆ ಮುಗಿಯುವ ಈ ವ್ಯತ್ಯಾಸ ತಿಳಿಯಾಗಲು ಸುಮಾರು ಎರಡು ಸಾವಿರ ವರ್ಷ ಬೇಕಾಯಿತು. ನೆಲದ ಮೇಲೆ ಬದುಕುವವರ ಅನುಭವದಲ್ಲಿ ತೂಕವೂ ಘರ್ಷಣೆಯೂ ಎಂದೂ ಬಿಡದೆ ಬೆರೆತಿರುವುದೇ ಈ ವಿಳಂಬಕ್ಕೆ ಮುಖ್ಯ ಕಾರಣ.

ಕ್ರಿ.ಪೂ. 4ನೆಯ ಶತಮಾನದ ಅರಿಸ್ಟಾಟಲ್‌ನ ಚಿಂತನೆಯಲ್ಲಿ ಭಾರವೆಂಬುದು ವಸ್ತುವಿಗೆ ತನ್ನ ಸಹಜ ನೆಲೆಯತ್ತ ಇರುವ ಒಲವು. ಹೆಚ್ಚು ಭಾರದ ವಸ್ತು ಹೆಚ್ಚು ವೇಗವಾಗಿ ಬೀಳುತ್ತದೆ. ಉಳಿದ ಯಾವ ಚಲನೆಗೂ ತಳ್ಳುವವರೊಬ್ಬರು ಸದಾ ಇರಬೇಕು. ಎಸೆದ ಕಲ್ಲು ಕೈಬಿಟ್ಟ ಮೇಲೂ ಏಕೆ ಮುಂದೆ ಹೋಗುತ್ತದೆ ಎಂಬ ಪ್ರಶ್ನೆಗೆ ಅವನು ಗಾಳಿಯನ್ನು ಆಶ್ರಯಿಸಿದ. ಈ ಉತ್ತರ ದುರ್ಬಲವೆಂದು 6ನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಜಾನ್ ಫಿಲೊಪೊನಸ್ ತೋರಿಸಿದ. ಎಸೆಯುವ ಕೈ ಕಲ್ಲಿನೊಳಗೇ ಒಂದು ಶಕ್ತಿಯನ್ನು ತುಂಬುತ್ತದೆ ಎಂಬುದು ಅವನ ವಾದ. ತೂಕದಲ್ಲಿ ಬಹಳ ಅಂತರವಿರುವ ಎರಡು ವಸ್ತುಗಳನ್ನು ಬೀಳಬಿಟ್ಟರೆ ಕಾಲದ ಅಂತರ ಅತ್ಯಲ್ಪವೆಂಬುದನ್ನೂ ಅವನು ಗಮನಿಸಿದ್ದ. ಭಾರತದ ವೈಶೇಷಿಕ ದರ್ಶನದಲ್ಲಿ ಪ್ರಶಸ್ತಪಾದನ ವಿವರಣೆ ಇದಕ್ಕೆ ಸಮೀಪದ್ದು: ಬೀಳುವಿಕೆಯ ಆರಂಭಕ್ಕೆ ಗುರುತ್ವ ಕಾರಣ, ಮುಂದುವರಿಕೆಗೆ ಗುರುತ್ವದ ಜೊತೆಗೆ ವಸ್ತುವಿನಲ್ಲಿ ಮೂಡುವ ವೇಗವೆಂಬ ಸಂಸ್ಕಾರವೂ ಕಾರಣ. ಇವೆಲ್ಲ ಗುಣಗಳ ವರ್ಣನೆಗಳು. ಅಳತೆ ಇನ್ನೂ ಬಂದಿರಲಿಲ್ಲ.

ಅಳತೆಯ ಕಡೆಗಿನ ಮೊದಲ ಗಟ್ಟಿ ಹೆಜ್ಜೆ 14ನೆಯ ಶತಮಾನದ ಪ್ಯಾರಿಸ್‌ನದು. ಅಲ್ಲಿನ ವಿಶ್ವವಿದ್ಯಾಲಯದ ಜಾನ್ ಬುರಿಡಾನ್, ಎಸೆದ ವಸ್ತುವಿನಲ್ಲಿ ನೆಲೆಸುವ 'ಇಂಪೆಟಸ್' ಅದರ ವೇಗದ ಜೊತೆಗೆ ಅದರಲ್ಲಿರುವ ದ್ರವ್ಯದ ಪ್ರಮಾಣಕ್ಕೂ ತಕ್ಕಂತೆ ಇರುತ್ತದೆಂದ. ಒಂದೇ ಗಾತ್ರದ ಮರದ ತುಂಡಿಗಿಂತ ಕಬ್ಬಿಣದ ತುಂಡು ದೂರ ಹೋಗುವುದು ಈ ಕಾರಣಕ್ಕೆ. ಇಂಪೆಟಸ್ಸನ್ನು ಅವನು ಚಲನೆಯ ಕಾರಣವೆಂದು ತಿಳಿದಿದ್ದನಾದ್ದರಿಂದ ಇದು ಇಂದಿನ ಸಂವೇಗವಲ್ಲ. ಹಾಗಿದ್ದರೂ ದ್ರವ್ಯದ ಮೊತ್ತವನ್ನು ತೂಕದಿಂದ ಬೇರೆಯಾಗಿ ಚಲನೆಯ ಲೆಕ್ಕಕ್ಕೆ ತಂದ ಕೀರ್ತಿಯಲ್ಲಿ ಅವನಿಗೆ ದೊಡ್ಡ ಪಾಲಿದೆ.

ಗೆಲಿಲಿಯೊ ಇಳಿಜಾರು ಹಲಗೆಯ ಮೇಲೆ ಗುಂಡುಗಳನ್ನು ಉರುಳಿಸಿ, ಕ್ರಮಿಸಿದ ದೂರ ಕಾಲದ ವರ್ಗಕ್ಕೆ ಅನುಪಾತದಲ್ಲಿದೆಯೆಂದು ಕಂಡುಕೊಂಡ. ಗಾಳಿಯ ತಡೆ ಇಲ್ಲದಿದ್ದರೆ ಎಲ್ಲ ವಸ್ತುಗಳೂ ಒಂದೇ ರೀತಿ ಬೀಳುತ್ತವೆಂದು 1638ರಲ್ಲಿ ಲೈಡನ್‌ನಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ವಾದಿಸಿದ. ಸಮತಲದ ಮೇಲಿನ ಚಲನೆಗೆ ತಡೆಯಿಲ್ಲದಿದ್ದರೆ ಅದು ನಿಲ್ಲಬೇಕಾದ ಕಾರಣವಿಲ್ಲ ಎಂಬುದೂ ಅವನಿಂದ ಸ್ಪಷ್ಟವಾಯಿತು. ಆದರೆ ಅವನ ಬರಹದಲ್ಲಿ ದ್ರವ್ಯರಾಶಿಗೆ ಪ್ರತ್ಯೇಕ ಸ್ಥಾನವಿಲ್ಲ. ಡೆಕಾರ್ಟ್ 1644ರಲ್ಲಿ ಗಾತ್ರವನ್ನು ವೇಗದಿಂದ ಗುಣಿಸಿ 'ಚಲನೆಯ ಮೊತ್ತ'ವೆಂದ. ದಿಕ್ಕನ್ನು ಲೆಕ್ಕಕ್ಕೆ ಹಿಡಿಯದ ಕಾರಣ ಅವನ ಡಿಕ್ಕಿಯ ನಿಯಮಗಳಲ್ಲಿ ಹೆಚ್ಚಿನವು ತಪ್ಪಾದವು. ಹೈಗನ್ಸ್, ವಾಲಿಸ್ ಮತ್ತು ರೆನ್ 1668-69ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಕಳಿಸಿದ ಬರಹಗಳಲ್ಲಿ ಆ ನಿಯಮಗಳು ಸರಿಯಾದವು.

ತೂಕ ಸ್ಥಿರವಾದುದಲ್ಲ ಎಂಬ ಸುಳಿವು ಬಂದದ್ದು ಒಂದು ಗಡಿಯಾರದಿಂದ. 1672ರಲ್ಲಿ ಫ್ರೆಂಚ್ ಖಗೋಳವಿದ ಜಾನ್ ರಿಶೇ ವೀಕ್ಷಣೆಗಾಗಿ ದಕ್ಷಿಣ ಅಮೆರಿಕದ ಕಯೆನ್‌ಗೆ ಹೋದ. ಸಮಭಾಜಕ ವೃತ್ತದಿಂದ ಸುಮಾರು 5 ಡಿಗ್ರಿ ಉತ್ತರಕ್ಕಿರುವ ಆ ಊರಿನಲ್ಲಿ ಪ್ಯಾರಿಸ್‌ಗೆ ಹೊಂದಿಸಿದ್ದ ಲೋಲಕದ ಗಡಿಯಾರ ದಿನಕ್ಕೆ ಸುಮಾರು ಎರಡೂವರೆ ನಿಮಿಷ ಹಿಂದೆ ಬೀಳುತ್ತಿತ್ತು. ಅದನ್ನು ಸರಿಪಡಿಸಲು ಲೋಲಕವನ್ನು 3 ಮಿಲಿಮೀಟರಿಗೆ ತುಸು ಕಡಿಮೆ ಗಿಡ್ಡ ಮಾಡಬೇಕಾಯಿತು. ಸೆಕೆಯಿಂದ ಲೋಹ ಹಿಗ್ಗಿರಬಹುದೆಂಬ ಆಕ್ಷೇಪ ಎದ್ದಿತಾದರೂ ಹಿಗ್ಗುವಿಕೆಯ ಪ್ರಮಾಣ ಇಷ್ಟು ವ್ಯತ್ಯಾಸಕ್ಕೆ ಸಾಲದು. ಉಳಿದ ವಿವರಣೆ ಒಂದೇ: ಅಲ್ಲಿ ಲೋಲಕದ ಗುಂಡಿನ ಮೇಲಿನ ಎಳೆತವೇ ಕಡಿಮೆ. ಭೂಮಿಯ ತಿರುಗುವಿಕೆ ಮತ್ತು ನಡುವಿನ ಉಬ್ಬು ಇದಕ್ಕೆ ಕಾರಣವೆಂದು ಮುಂದೆ ನ್ಯೂಟನ್ ವಿವರಿಸಿದ. ಎರಡು ತಟ್ಟೆಯ ತಕ್ಕಡಿ ಈ ವ್ಯತ್ಯಾಸವನ್ನು ಎಂದೂ ತೋರಿಸುತ್ತಿರಲಿಲ್ಲ. ಏಕೆಂದರೆ ಅದರಲ್ಲಿ ಸರಕಿನ ತೂಕವೂ ಬಟ್ಟಿನ ತೂಕವೂ ಒಟ್ಟಿಗೇ ಇಳಿಯುತ್ತವೆ. ವ್ಯಾಪಾರಿಗಳು ಶತಮಾನಗಳಿಂದ ತೂಗುತ್ತಿದ್ದದ್ದು ನಿಜವಾಗಿ ದ್ರವ್ಯರಾಶಿಯನ್ನೇ.

1687ರಲ್ಲಿ ಪ್ರಕಟವಾದ ನ್ಯೂಟನ್‌ನ 'ಪ್ರಿನ್ಸಿಪಿಯಾ' ದ್ರವ್ಯದ ಮೊತ್ತದ ವ್ಯಾಖ್ಯೆಯಿಂದಲೇ ಆರಂಭವಾಗುತ್ತದೆ: ಅದು ಸಾಂದ್ರತೆ ಮತ್ತು ಗಾತ್ರ ಎರಡೂ ಸೇರಿ ಒದಗುವ ಅಳತೆ. ಮೂರನೆಯ ವ್ಯಾಖ್ಯೆಯಲ್ಲಿ ಜಡತ್ವ ಬರುತ್ತದೆ. ಕೆಪ್ಲರ್‌ಗೆ ಜಡತ್ವವೆಂದರೆ ವಸ್ತು ನಿಂತಲ್ಲೇ ನಿಲ್ಲಬಯಸುವ ಗುಣ. ನ್ಯೂಟನ್ ಅದನ್ನು ನಿಂತದ್ದು ನಿಂತಂತೆ, ಚಲಿಸುವುದು ಸರಳರೇಖೆಯಲ್ಲಿ ಸಮವೇಗದಿಂದ ಚಲಿಸುವಂತೆ ಉಳಿಯುವ ಗುಣವಾಗಿ ವಿಸ್ತರಿಸಿದ. ಅದನ್ನು ಅವನು ವಸ್ತುವಿನಲ್ಲಿ ಹುದುಗಿದ 'ಬಲ'ವೆಂದೇ ಕರೆದದ್ದು ಹಳೆಯ ಇಂಪೆಟಸ್ ಚಿಂತನೆಯ ಉಳಿಕೆ. ಇಂದು ಜಡತ್ವವನ್ನು ಬಲಗಳ ಸಾಲಿಗೆ ಸೇರಿಸುವುದಿಲ್ಲ.

ಸೇಬಿನ ಕಥೆಗೆ ಸಿಕ್ಕ ಪ್ರಚಾರದಲ್ಲಿ ಅಲ್ಪಭಾಗವಾದರೂ ನ್ಯೂಟನ್‌ನ ಲೋಲಕದ ಪ್ರಯೋಗಗಳಿಗೆ ಸಲ್ಲಬೇಕಿತ್ತು. ಅವನು ಒಂದೇ ಆಕಾರದ ಎರಡು ಮರದ ಪೆಟ್ಟಿಗೆಗಳನ್ನು 11 ಅಡಿ ಉದ್ದದ ದಾರಗಳಿಂದ ಅಕ್ಕಪಕ್ಕ ತೂಗುಹಾಕಿದ. ಒಂದರಲ್ಲಿ ಮರವನ್ನು ತುಂಬಿ, ಇನ್ನೊಂದರಲ್ಲಿ ಅಷ್ಟೇ ತೂಕದ ಚಿನ್ನವನ್ನಿಟ್ಟ. ಬೆಳ್ಳಿ, ಸೀಸ, ಗಾಜು, ಮರಳು, ಉಪ್ಪು, ನೀರು, ಗೋಧಿಗಳಿಂದಲೂ ಇದೇ ಪರೀಕ್ಷೆ ನಡೆಯಿತು. ಪೆಟ್ಟಿಗೆಗಳ ಆಕಾರ ಒಂದೇ ಆದ್ದರಿಂದ ಗಾಳಿಯ ತಡೆಯೂ ಒಂದೇ. ಎರಡೂ ಬಹಳ ಹೊತ್ತು ಜೊತೆಜೊತೆಯಾಗಿ ಓಲಾಡಿದವು. ಲೋಲಕವನ್ನು ಕೆಳಕ್ಕೆಳೆಯುವುದು ತೂಕ, ಆ ಎಳೆತಕ್ಕೆ ಸುಲಭವಾಗಿ ಮಣಿಯದಂತೆ ಮಾಡುವುದು ಜಡತ್ವ. ಚಿನ್ನಕ್ಕೂ ಗೋಧಿಗೂ ಇವೆರಡರ ಅನುಪಾತದಲ್ಲಿ ಸಾವಿರದಲ್ಲೊಂದು ಭಾಗ ವ್ಯತ್ಯಾಸವಿದ್ದರೂ ಕಾಣಿಸುತ್ತಿತ್ತು, ಕಾಣಿಸಲಿಲ್ಲ. ತೂಕವೂ ದ್ರವ್ಯರಾಶಿಯೂ ಬೇರೆಬೇರೆ, ಆದರೆ ಒಂದೇ ಸ್ಥಳದಲ್ಲಿ ಪರಸ್ಪರ ಅನುಪಾತದಲ್ಲಿರುತ್ತವೆ ಎಂಬುದು ಹೀಗೆ ಪ್ರಯೋಗಸಿದ್ಧವಾಯಿತು.

ಬಲ = ದ್ರವ್ಯರಾಶಿ × ವೇಗೋತ್ಕರ್ಷ ಎಂಬ ಸಮೀಕರಣ ಇದೇ ರೂಪದಲ್ಲಿ 'ಪ್ರಿನ್ಸಿಪಿಯಾ'ದಲ್ಲಿಲ್ಲ. ಅಲ್ಲಿ ಎರಡನೆಯ ನಿಯಮ ಚಲನೆಯ ಮೊತ್ತದ ಬದಲಾವಣೆಯನ್ನು ಹೇಳುತ್ತದೆ. ಅದನ್ನು ಮೂರು ಅಕ್ಷಗಳ ಸಮೀಕರಣಗಳಾಗಿ ಬರೆದು ಎಲ್ಲ ವಸ್ತುಗಳಿಗೂ ಅನ್ವಯಿಸುವ ಸಾರ್ವತ್ರಿಕ ತತ್ತ್ವವೆಂದು ಮಂಡಿಸಿದವನು ಲಿಯೊನಾರ್ಡ್ ಆಯ್ಲರ್. ಆ ಪ್ರಬಂಧವನ್ನು ಬರ್ಲಿನ್ ಅಕಾಡೆಮಿ 1752ರಲ್ಲಿ ಪ್ರಕಟಿಸಿತು. ಲವಾಸಿಯೇ 1789ರಲ್ಲಿ ರಾಸಾಯನಿಕ ಕ್ರಿಯೆಗಳಲ್ಲಿ ದ್ರವ್ಯದ ಮೊತ್ತ ಬದಲಾಗದೆಂಬುದನ್ನು ತನ್ನ ಪಠ್ಯಗ್ರಂಥದ ಆಧಾರಸೂತ್ರವಾಗಿಸಿದ. ಹೀಗೆ ರಸಾಯನಶಾಸ್ತ್ರಕ್ಕೂ ದ್ರವ್ಯರಾಶಿ ಅಡಿಗಲ್ಲಾಯಿತು.

ತಾರ್ಕಿಕ ಕೊರತೆಯೊಂದು ಮಾತ್ರ ಉಳಿಯಿತು. ಸಾಂದ್ರತೆಯೆಂದರೆ ಏಕಗಾತ್ರದ ದ್ರವ್ಯರಾಶಿ. ಅದರಿಂದಲೇ ದ್ರವ್ಯರಾಶಿಯನ್ನು ವ್ಯಾಖ್ಯಾನಿಸಿದರೆ ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದಂತಾಗುತ್ತದೆ ಎಂದು 19ನೆಯ ಶತಮಾನದ ಉತ್ತರಾರ್ಧದಲ್ಲಿ ಅರ್ನ್ಸ್ಟ್ ಮಾಖ್ ಆಕ್ಷೇಪಿಸಿದ. ಎರಡು ವಸ್ತುಗಳು ಒಂದರ ಮೇಲೊಂದು ಪ್ರಭಾವ ಬೀರಿದಾಗ ಅವುಗಳಲ್ಲಿ ಉಂಟಾಗುವ ವೇಗೋತ್ಕರ್ಷಗಳ ವಿಲೋಮ ಅನುಪಾತವೇ ದ್ರವ್ಯರಾಶಿಗಳ ಅನುಪಾತವೆಂಬುದು ಅವನ ಪರಿಹಾರ. ಈ ವ್ಯಾಖ್ಯೆಯಲ್ಲಿ ತೂಕದ ಪ್ರಸ್ತಾಪವೇ ಬೇಕಿಲ್ಲ, ಅದೇ ಅದರ ಬಲ.

ಚಲನೆಯ ಬದಲಾವಣೆಯನ್ನು ತಡೆಯುವ ಜಡತ್ವದ ದ್ರವ್ಯರಾಶಿಯೂ ತೂಕವನ್ನು ನಿರ್ಧರಿಸುವ ಗುರುತ್ವದ ದ್ರವ್ಯರಾಶಿಯೂ ಏಕೆ ಸಮವಾಗಿರಬೇಕು? ನ್ಯೂಟನ್‌ನ ಸಿದ್ಧಾಂತದಲ್ಲಿ ಇದು ಬರಿಯ ಆಕಸ್ಮಿಕ. ಬುಡಾಪೆಸ್ಟ್‌ನಲ್ಲಿ ಲೊರಾಂಡ್ ಎಟ್ವೆಶ್ 1880ರ ದಶಕದಿಂದ, ತೆಳು ತಂತಿಯ ತಿರುಚುವಿಕೆಯಿಂದ ಬಲವನ್ನು ಅಳೆಯುವ ತಿರುಚು ತಕ್ಕಡಿಯನ್ನು ಬಳಸಿ ಈ ಸಮತೆಯನ್ನು ಕೋಟಿಯಲ್ಲೊಂದು ಭಾಗಕ್ಕಿಂತಲೂ ಸೂಕ್ಷ್ಮವಾಗಿ ಪರೀಕ್ಷಿಸಿದ. 1907ರಲ್ಲಿ, ಬರ್ನ್‌ನ ಪೇಟೆಂಟ್ ಕಚೇರಿಯಲ್ಲಿದ್ದ ಐನ್‌ಸ್ಟೈನ್‌ಗೆ ಹೊಳೆದ ಸಂಗತಿಯೆಂದರೆ, ಮಾಡಿನಿಂದ ಬೀಳುವವನಿಗೆ ಬೀಳುವಷ್ಟು ಹೊತ್ತು ತನ್ನ ತೂಕ ತಿಳಿಯದು. ಆಕಸ್ಮಿಕವೆನಿಸಿದ್ದ ಸಮತೆಯನ್ನು ಅವನು ಮೂಲತತ್ತ್ವವಾಗಿ ಸ್ವೀಕರಿಸಿ 1915ರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತವನ್ನು ಕಟ್ಟಿದ. ಅದಕ್ಕೂ ಮೊದಲು, 1905ರಲ್ಲಿ, ವಸ್ತುವಿನ ಜಡತ್ವ ಅದರ ಶಕ್ತಿಯ ಅಳತೆಯೆಂದು ತೋರಿಸಿದ್ದ. ಉದಾಹರಣೆಗೆ, ಪ್ರೋಟಾನಿನ ದ್ರವ್ಯರಾಶಿಯ ಬಹುಭಾಗ ಅದರೊಳಗಿನ ಕ್ವಾರ್ಕ್ ಮತ್ತು ಗ್ಲುಆನ್‌ಗಳ ಶಕ್ತಿಯಿಂದಲೇ ಬರುತ್ತದೆ.

1986ರಲ್ಲಿ ಎಟ್ವೆಶ್‌ನ ದತ್ತಾಂಶಗಳನ್ನು ಮರುಪರಿಶೀಲಿಸಿದ ಅಮೆರಿಕದ ಇಫ್ರೈಮ್ ಫಿಶ್‌ಬ್ಯಾಕ್ ಮತ್ತು ಸಂಗಡಿಗರು ಐದನೆಯ ಮೂಲಭೂತ ಬಲವೊಂದಿರಬಹುದೆಂದು ಸೂಚಿಸಿದಾಗ ಹಲವು ದೇಶಗಳಲ್ಲಿ ಹೊಸ ಪ್ರಯೋಗಗಳು ನಡೆದವು. ಅವುಗಳಲ್ಲಿ ಒಂದರ ನೆಲೆ ಕರ್ನಾಟಕದ ಗೌರಿಬಿದನೂರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ರಾಮನಾಥ ಕೌಶಿಕ್ ಮತ್ತು ಸಂಗಡಿಗರು ಅಲ್ಲಿನ ನೆಲದಡಿಯ ಪ್ರಯೋಗಾಲಯದಲ್ಲಿ ತಿರುಚು ತಕ್ಕಡಿಯನ್ನು ನಿಲ್ಲಿಸಿದ್ದರು. ತಾಪದ ಏರಿಳಿತವೂ ಅದುರುವಿಕೆಯೂ ಕಡಿಮೆಯಿರುವುದು ಇಂಥ ಸ್ಥಳದ ಅನುಕೂಲ. ಐದನೆಯ ಬಲದ ಕುರುಹು ಸಿಗಲಿಲ್ಲ. ಫ್ರಾನ್ಸಿನ ಮೈಕ್ರೋಸ್ಕೋಪ್ ಉಪಗ್ರಹ 2016ರಿಂದ 2018ರವರೆಗೆ ಟೈಟಾನಿಯಂ ಮತ್ತು ಪ್ಲಾಟಿನಂ ಮಿಶ್ರಲೋಹಗಳ ಬೀಳುವಿಕೆಯನ್ನು ಕಕ್ಷೆಯಲ್ಲಿ ಹೋಲಿಸಿತು. ಹತ್ತು ಕೋಟಿ ಕೋಟಿಯಲ್ಲಿ ಕೆಲವೇ ಭಾಗಗಳ ನಿಖರತೆಯಲ್ಲೂ ವ್ಯತ್ಯಾಸ ಕಾಣಲಿಲ್ಲವೆಂದು 2022ರಲ್ಲಿ ಅಂತಿಮ ಫಲಿತಾಂಶ ಬಂತು.

ತರಗತಿಯಲ್ಲಿ ಹಳೆಯ ಚಿಂತನೆ ಇನ್ನೂ ಜೀವಂತವಾಗಿದೆ. ಮೇಲಕ್ಕೆ ಚಿಮ್ಮಿದ ನಾಣ್ಯದ ಮೇಲೆ ಏರುವಾಗ ಯಾವ ಬಲಗಳಿವೆ ಎಂದು ಜಾನ್ ಕ್ಲೆಮೆಂಟ್ ಅಮೆರಿಕದ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಕೇಳಿದಾಗ ಬಹುಪಾಲು ಮಂದಿ ಇಲ್ಲದ ಮೇಲ್ಮುಖ ಬಲವೊಂದನ್ನು ಚಿತ್ರಿಸಿದರು. 1982ರಲ್ಲಿ ಪ್ರಕಟವಾದ ಈ ಅಧ್ಯಯನ ಬುರಿಡಾನನ ಇಂಪೆಟಸ್ಸನ್ನು ನೆನಪಿಸುತ್ತದೆ. ಇಂಥ ಉತ್ತರ ದಡ್ಡತನವಲ್ಲ, ಘರ್ಷಣೆಯ ಲೋಕದಲ್ಲಿ ಬೆಳೆದವರ ಸಹಜ ತರ್ಕ. 1992ರಲ್ಲಿ ಡೇವಿಡ್ ಹೆಸ್ಟೆನಿಸ್ ಮತ್ತು ಸಂಗಡಿಗರು ಪ್ರಕಟಿಸಿದ ಬಲದ ಪರಿಕಲ್ಪನೆಯ ಪ್ರಶ್ನಾವಳಿ ಈ ತರ್ಕವನ್ನೇ ಗುರುತಿಸಲು ರೂಪಿಸಿದ್ದು.

ಮಾನಕದ ವಿಷಯದಲ್ಲೂ ಗೊಂದಲ ಬಹುಕಾಲ ಉಳಿಯಿತು. ಪ್ಲಾಟಿನಂ-ಇರಿಡಿಯಂ ಮಿಶ್ರಲೋಹದ ಸಿಲಿಂಡರನ್ನು 1889ರಲ್ಲಿ ಅಂತರರಾಷ್ಟ್ರೀಯ ಕಿಲೋಗ್ರಾಮೆಂದು ಅಂಗೀಕರಿಸಿದರೂ, ಕಿಲೋಗ್ರಾಂ ತೂಕದ ಮಾನವಲ್ಲ, ದ್ರವ್ಯರಾಶಿಯ ಮಾನ ಎಂದು ತೂಕ ಮತ್ತು ಅಳತೆಗಳ ಮಹಾಸಮ್ಮೇಳನ 1901ರಲ್ಲಿ ಪ್ರತ್ಯೇಕವಾಗಿ ಘೋಷಿಸಬೇಕಾಯಿತು. ಭಾರತಕ್ಕೆ ಬಂದ 57ನೆಯ ಸಂಖ್ಯೆಯ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ಮೂಲ ಸಿಲಿಂಡರಿಗೂ ಅದರ ಪ್ರತಿಗಳಿಗೂ ಒಂದು ಶತಮಾನದಲ್ಲಿ ಸುಮಾರು 50 ಮೈಕ್ರೋಗ್ರಾಂ ಅಂತರ ಬೆಳೆದಿತ್ತು. ಹಾಗಾಗಿ 2019ರ ಮೇ 20ರಿಂದ ಪ್ಲ್ಯಾಂಕ್ ಸ್ಥಿರಾಂಕಕ್ಕೆ ನಿಶ್ಚಿತ ಬೆಲೆ ಕೊಟ್ಟು ಕಿಲೋಗ್ರಾಮನ್ನು ಅದರಿಂದ ವ್ಯಾಖ್ಯಾನಿಸಲಾಗಿದೆ. ಬ್ರಿಟನ್ನಿನ ಬ್ರಯಾನ್ ಕಿಬಲ್ 1975ರಲ್ಲಿ ಕಲ್ಪಿಸಿದ ತಕ್ಕಡಿ ಇದನ್ನು ಕಾರ್ಯರೂಪಕ್ಕೆ ತರುವ ಒಂದು ಮಾರ್ಗ. ಅದು ವಸ್ತುವಿನ ತೂಕವನ್ನು ವಿದ್ಯುತ್ಪ್ರವಾಹದ ಬಲದೊಡನೆ ಸರಿದೂಗಿಸುತ್ತದೆ. ಆದ್ದರಿಂದ ತಕ್ಕಡಿ ಇಟ್ಟ ಸ್ಥಳದಲ್ಲಿ ಗುರುತ್ವದ ವೇಗೋತ್ಕರ್ಷ ಎಷ್ಟೆಂಬುದನ್ನು ಬೀಳುವ ಕನ್ನಡಿ ಮತ್ತು ಲೇಸರ್ ಇರುವ ಉಪಕರಣದಿಂದ ಅಷ್ಟೇ ನಿಖರವಾಗಿ ಅಳೆದುಕೊಳ್ಳಬೇಕಾಗುತ್ತದೆ.